ಕೋಟಾ ಕಾಲಂ ತುಂಬುವ ಮುಂಚೆ

ಮಂಡ್ಯದಲ್ಲಿ ನನ್ನದೊಂದು ಸಣ್ಣ ಸೈಬರ್ ಅಂಗಡಿ. ಎಂಬಿಬಿಎಸ್ ಸೀಟಿಗೆ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಅರ್ಜಿ ಹಾಕಲು ಬರುವವರಿಗೆ ಮೊದಲು ಕೇಳುವುದೇ ಆರ್‌ಡಿ ನಂಬರ್. ನಾಡಕಚೇರಿ ಕೊಡುವ ಜಾತಿ ಪ್ರಮಾಣಪತ್ರದಲ್ಲಿ ಅದು ಇರುತ್ತದೆ. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದ ಹಾಗೇ ಇರಲಿ. ನನ್ನ ತಂಗಿ ಮಗನಿಗೆ ಒಂದರಲ್ಲಿ ‘ಗೌಡ’ ಇತ್ತು, ಇನ್ನೊಂದರಲ್ಲಿ ಇರಲಿಲ್ಲ. ಮೂರು ದಿನ ಸುಮ್ನೆ ಅಲೆದೆವು.

ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎಗೆ ಶೇ. 15, 3ಎಗೆ ಶೇ. 4, 3ಬಿಗೆ ಶೇ. 5 ಎಂಬುದು ಎಲ್ಲರಿಗೂ ಬಾಯಿಪಾಠ. ಜಾಸ್ತಿ ಜನ ಮರೆಯುವುದು ಒಳಗಿನ ಕೋಟಾ. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5, ಅದೂ ಆಯಾ ವರ್ಗದೊಳಗೇ. ಕಟ್ ಆಫ್ ಪಟ್ಟಿಯಲ್ಲಿ 3ಎಜಿ (ಸಾಮಾನ್ಯ), 3ಎಆರ್ (ಗ್ರಾಮೀಣ), 3ಎಕೆ (ಕನ್ನಡ ಮಾಧ್ಯಮ) ಅಂತ ಕಾಣುವುದು ಇದೇ. ಮನೆ ಹಳ್ಳಿಯಲ್ಲಿದ್ದರೆ ಸಾಲದು, ಶಾಲೆಯೂ ಅಲ್ಲೇ ಇರಬೇಕು. ವ್ಯಾನಲ್ಲಿ ಪೇಟೆ ಶಾಲೆಗೆ ಬಂದವರಿಗೆ ಇಲ್ಲ. ವ್ಯಾಸಂಗ ಪತ್ರಕ್ಕೆ ಹೆಡ್‌ಮಾಸ್ಟರ್ ಸಹಿ ಆದ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿಯೂ ಬೇಕು.

ಸರ್ಕಾರಿ ಕಾಲೇಜಿನ ಶೇ. 15 ಸೀಟು ಅಖಿಲ ಭಾರತ ಕೋಟಾಕ್ಕೆ ಹೋಗುತ್ತದೆ. ಅಲ್ಲಿ ಒಬಿಸಿಗೆ ಶೇ. 27, ಆದರೆ ಪಟ್ಟಿ ಕೇಂದ್ರದ್ದು, ಪ್ರಮಾಣಪತ್ರವೂ ಬೇರೆ. ನಮ್ಮ 3ಎ ಪತ್ರ ತೋರಿಸಿದರೆ ನಡೆಯಲ್ಲ.