ಕೆರೆ ದಡದಲ್ಲಿ ಪರಿಸರ ಪಾಠ ನಡೆಸುವ ಬಗೆ: ಜಕ್ಕೂರು ಕೆರೆಯ ನಿದರ್ಶನದೊಂದಿಗೆ

ತುಂಬಿ ಹರಿಯುವ ನದಿಯಿಲ್ಲದ ಬೆಂಗಳೂರಿನಲ್ಲಿ ನೀರಿನ ಅಂಚಿನ ಉದ್ಯಾನವೆಂದರೆ ಬಹುತೇಕ ಕೆರೆಯ ದಂಡೆಯೇ. ಈ ಕೆರೆಗಳು ತಾವಾಗಿ ಉಂಟಾದವಲ್ಲ; ಏರಿ (ಮಣ್ಣಿನ ಒಡ್ಡು) ಕಟ್ಟಿ, ನೀರು ಬಿಡಲು ತೂಬು ಇಟ್ಟು, ಕೆರೆ ತುಂಬಿದಾಗ ಕೋಡಿಯಲ್ಲಿ ಹೊರಬಿದ್ದ ನೀರು ಕಾಲುವೆಯ ಮೂಲಕ ಕೆಳಗಿನ ಕೆರೆಯನ್ನು ಸೇರುವಂತೆ ಹಿಂದಿನವರು ಸಾಲಾಗಿ ನಿರ್ಮಿಸಿದವು. ಆದ್ದರಿಂದ ಇಲ್ಲಿ ಸಾರ್ವಜನಿಕರಿಗೆ ಪರಿಸರ ಶಿಕ್ಷಣ ಕೊಡಬಯಸುವವರು ನೀರು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂಬುದನ್ನೇ ಮೊದಲ ಪಾಠವಾಗಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಹಕ್ಕಿ ತೋರಿಸುವುದೂ ಪ್ಲಾಸ್ಟಿಕ್ ಹೆಕ್ಕಿಸುವುದೂ ಒಳ್ಳೆಯ ಕೆಲಸಗಳೇ. ಆದರೆ ತನ್ನ ಮನೆಯ ಬಚ್ಚಲಿಗೂ ಎದುರಿನ ಕೆರೆಗೂ ಇರುವ ನಂಟನ್ನು ಕಾಣದೆ ಮರಳಿದವರು ಮರುದಿನದಿಂದ ಏನನ್ನೂ ಬೇರೆ ರೀತಿ ಮಾಡಲಾರರು.

ಈ ಪಾಠಕ್ಕೆ ನಗರದ ಉತ್ತರದಲ್ಲಿರುವ, ಸುಮಾರು 160 ಎಕರೆಯ ಜಕ್ಕೂರು ಕೆರೆ ಬಹಳ ಅನುಕೂಲಕರವಾಗಿದೆ. ಕೆರೆಯ ಮೇಲ್ಭಾಗದಲ್ಲಿ ಜಲಮಂಡಳಿಯ ಕೊಳಚೆ ನೀರು ಸಂಸ್ಕರಣಾ ಘಟಕವಿದ್ದು, ಮೊದಲಿಗೆ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್ ಆಗಿತ್ತು. ಅಲ್ಲಿಂದ ಹೊರಬಂದ ನೀರು ಜೊಂಡು ಬೆಳೆದ, ಇದಕ್ಕೆಂದೇ ನಿರ್ಮಿಸಿದ ಜೌಗನ್ನು ಹಾದು ಕೆರೆಯನ್ನು ಸೇರುತ್ತದೆ. ಕೆರೆಯಿಂದ ಮುಂದೆ ರಾಚೇನಹಳ್ಳಿ ಕೆರೆಯತ್ತ ಸಾಗುತ್ತದೆ. ಘಟಕದಲ್ಲಿ ಕೊಳಕಿನ ಬಹುಭಾಗ ಕಳೆದರೂ ಸಾರಜನಕ ಮತ್ತು ರಂಜಕದ ಅಂಶಗಳು ನೀರಿನಲ್ಲಿ ಉಳಿದಿರುತ್ತವೆ, ಅವನ್ನು ಜೌಗಿನ ಗಿಡಗಳು ಹೀರಿಕೊಳ್ಳುತ್ತವೆ. ಆ ಗಿಡಗಳನ್ನು ಕಾಲಕಾಲಕ್ಕೆ ಕೊಯ್ದು ಹೊರಹಾಕದಿದ್ದರೆ ಅವು ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ನೀರಿಗೇ ಮರಳಿಸುತ್ತವೆ. ಈ ಸಂಗತಿಯನ್ನು ಜೌಗಿನ ಪಕ್ಕದಲ್ಲಿ ನಿಂತು ವಿವರಿಸಿದರೆ ಆರನೆಯ ತರಗತಿಯ ಮಕ್ಕಳಿಗೂ ಅರ್ಥವಾಗುತ್ತದೆ.

ಕಾರ್ಯಕ್ರಮವನ್ನು ಪ್ರಕಟಿಸುವ ಮೊದಲು ನಡೆಸುವವರು ಒಳಹರಿವಿನಿಂದ ಕೋಡಿಯವರೆಗೆ ಒಮ್ಮೆ ಬೇಸಿಗೆಯಲ್ಲಿ, ಇನ್ನೊಮ್ಮೆ ದೊಡ್ಡ ಮಳೆಯ ಮರುದಿನ ನಡೆದು ನೋಡಿರಬೇಕು. ರಾಜಕಾಲುವೆಯಲ್ಲಿ ಏನು ಬರುತ್ತಿದೆ ಎಂಬುದು ಆಗ ಮಾತ್ರ ತಿಳಿಯುತ್ತದೆ. ಅನುಮತಿಗಾಗಿ ಪಾಲಿಕೆಯ ಕೆರೆ ವಿಭಾಗಕ್ಕೆ ಬರೆಯಬೇಕು. 2025ರಲ್ಲಿ ನಗರಕ್ಕೆ ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ಕೆರೆ ಯಾರ ಸುಪರ್ದಿಯಲ್ಲಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಒಳಿತು. ಜಕ್ಕೂರಿನಲ್ಲಿ ಜಲಪೋಷಣ್ ಇರುವಂತೆ ನಿಮ್ಮ ಕೆರೆಗೂ ನಾಗರಿಕರ ಸಂಘವಿದ್ದರೆ ಅದರೊಂದಿಗೆ ಸೇರಿಯೇ ಕೆಲಸ ಮಾಡಿರಿ.

ಒಬ್ಬ ಮಾರ್ಗದರ್ಶಿಯ ಜೊತೆ ಇಪ್ಪತ್ತೈದಕ್ಕಿಂತ ಹೆಚ್ಚು ಜನರನ್ನು ಸೇರಿಸಬಾರದು. ಹಿಂದೆ ನಿಂತವರಿಗೆ ಮಾತು ಕೇಳಿಸದು. ಬೆಳಗಿನ ಏಳರಿಂದ ಒಂಬತ್ತರವರೆಗಿನ ಸಮಯ ಸೂಕ್ತ. ಒಳಹರಿವು, ಜೌಗು, ತೆರೆದ ನೀರು, ಏರಿ, ಕೋಡಿ ಎಂಬ ಕ್ರಮದಲ್ಲಿ ನಿಲ್ಲುತ್ತ ಹೋಗಿ, ಪ್ರತಿ ನಿಲುಗಡೆಯಲ್ಲೂ ವಿವರಣೆಗಿಂತ ಮೊದಲು ಪ್ರಶ್ನೆ ಕೇಳಬೇಕು: ಇಲ್ಲಿ ನೀರಿನ ಬಣ್ಣ, ವಾಸನೆ ಹೇಗಿದೆ? ಹಿಂದಿನ ನಿಲುಗಡೆಗಿಂತ ಏನು ಬದಲಾಗಿದೆ? ಹಕ್ಕಿಗಳ ಪರಿಚಯ ತೆರೆದ ನೀರಿನ ಬಳಿ ತಾನಾಗಿಯೇ ಆಗುತ್ತದೆ. ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗಳು ಮೀನನ್ನು ನಂಬಿ ಬದುಕಿದರೆ, ನಾಮದ ಕೋಳಿ ಹೆಚ್ಚಾಗಿ ನೀರಿನ ಗಿಡಗಳನ್ನು ತಿನ್ನುತ್ತದೆ. ಯಾವ ಹಕ್ಕಿ ಎಲ್ಲಿ ಸೇರಿದೆ ಎಂಬುದರಿಂದಲೇ ನೀರಿನೊಳಗಿನ ಸ್ಥಿತಿಯನ್ನು ಊಹಿಸಲು ಕಲಿಸಬಹುದು.

ನೀರಿನ ಪರೀಕ್ಷೆಗೆ ಸಾಕಷ್ಟು ಸಮಯ ಮೀಸಲಿಡಬೇಕು. ಕರಗಿದ ಆಮ್ಲಜನಕವನ್ನು ಅಳೆಯುವ ಸರಳ ಕಿಟ್‌ಗಳು ದೊರೆಯುತ್ತವೆ. ಗುಳ್ಳೆ ಸೇರದಂತೆ ಬಾಟಲಿಯನ್ನು ಮುಳುಗಿಸಿ ತುಂಬಿಸಿ ಎರಡು ದ್ರಾವಣಗಳನ್ನು ಹಾಕಿದಾಗ, ಆಮ್ಲಜನಕವಿದ್ದರೆ ಕಂದು ಬಣ್ಣದ ಗಸಿ ಕಾಣಿಸಿಕೊಳ್ಳುತ್ತದೆ, ಇಲ್ಲದಿದ್ದರೆ ಅದು ಬಿಳಿಯಾಗಿಯೇ ಉಳಿಯುತ್ತದೆ. ಒಳಹರಿವಿನ ಬಾಟಲಿಯನ್ನೂ ಕೆರೆ ನಡುವಿನ ಬಾಟಲಿಯನ್ನೂ ಪಕ್ಕಪಕ್ಕದಲ್ಲಿಟ್ಟರೆ ಬಣ್ಣದ ವ್ಯತ್ಯಾಸವೇ ಅರ್ಧ ಪಾಠ ಹೇಳುತ್ತದೆ. ವನ್ಯಜೀವಿ ಮತ್ತು ಮೀನುಗಾರಿಕೆಗೆ ತಕ್ಕ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕವಿರಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ ಹೇಳುತ್ತದೆ. ಫಲಿತಾಂಶವನ್ನು ಅದರೊಂದಿಗೆ ಹೋಲಿಸಿ. ಇಲ್ಲಿ ಒಂದು ಎಚ್ಚರ ಅಗತ್ಯ. ಪಾಚಿ ದಟ್ಟವಾಗಿರುವ ಕೆರೆಯಲ್ಲಿ ಮಧ್ಯಾಹ್ನದ ಅಳತೆ ಬಹಳ ಹೆಚ್ಚಿರುತ್ತದೆ, ಏಕೆಂದರೆ ಬಿಸಿಲಿನಲ್ಲಿ ಪಾಚಿ ಆಮ್ಲಜನಕವನ್ನು ಬಿಡುತ್ತಿರುತ್ತದೆ. ರಾತ್ರಿಯೆಲ್ಲ ಅದೇ ಪಾಚಿ ಉಸಿರಾಡಿ ಅದನ್ನು ಬಳಸಿಕೊಳ್ಳುವುದರಿಂದ ಸೂರ್ಯೋದಯದ ಹೊತ್ತಿಗೆ ಮಟ್ಟ ತೀರಾ ಕುಸಿಯುತ್ತದೆ, ಮೀನುಗಳು ಬೆಳಗಿನ ಜಾವ ಸಾಯುವುದಕ್ಕೆ ಇದೂ ಒಂದು ಮುಖ್ಯ ಕಾರಣ. ಆದುದರಿಂದ ಪ್ರತಿ ತಿಂಗಳೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿನಲ್ಲಿ ಅಳೆಯಬೇಕು. ರಾಸಾಯನಿಕಗಳನ್ನು, ಅದರಲ್ಲೂ ಆಮ್ಲವನ್ನು, ದೊಡ್ಡವರೇ ಕೈಗವಸು ಹಾಕಿಕೊಂಡು ಬಳಸಬೇಕು. ಪರೀಕ್ಷೆ ಮುಗಿದ ದ್ರಾವಣವನ್ನು ಕೆರೆಗೆ ಚೆಲ್ಲದೆ ಡಬ್ಬಿಯಲ್ಲಿ ತುಂಬಿಸಿ ವಾಪಸು ಒಯ್ಯಬೇಕು.

ಕೆರೆಯನ್ನು ನಂಬಿದವರನ್ನು ಬಿಟ್ಟು ಕೆರೆಯ ಪಾಠ ಪೂರ್ಣವಾಗದು. ಮೀನು ಹಿಡಿಯುವವರು, ದನಗಳಿಗೆ ಹುಲ್ಲು ಕೊಯ್ಯುವವರು, ಅಚ್ಚುಕಟ್ಟಿನಲ್ಲಿ (ಕೆರೆಯ ನೀರುಣ್ಣುವ ಹೊಲಗದ್ದೆಗಳಲ್ಲಿ) ಹಿಂದೆ ರಾಗಿ, ಭತ್ತ ಬೆಳೆದಿದ್ದ ಮನೆಗಳ ಹಿರಿಯರು ಮೊದಲಾದವರನ್ನು ಶಿಕ್ಷಕರ ಸ್ಥಾನದಲ್ಲೇ ಕೂರಿಸಿ, ಅವರ ಸಮಯಕ್ಕೆ ಗೌರವಧನ ಕೊಡಬೇಕು. ತೂಬು ಎತ್ತಿ ಸರದಿಯಂತೆ ಗದ್ದೆಗಳಿಗೆ ನೀರು ಬಿಡುತ್ತಿದ್ದ ನೀರುಗಂಟಿಯ ಕೆಲಸವನ್ನು ಕಣ್ಣಾರೆ ಕಂಡವರು ಯಾರಾದರೂ ಸಿಕ್ಕರೆ, ಆ ದಿನ ಉಳಿದ ವಿಷಯಗಳನ್ನು ಬದಿಗಿಟ್ಟು ಅವರ ಮಾತನ್ನೇ ಕೇಳಿಸಿರಿ. ವಿವರಣೆ ಕನ್ನಡದಲ್ಲಿರಲಿ; ಅಗತ್ಯ ಬಿದ್ದಲ್ಲಿ ತಮಿಳು, ತೆಲುಗು, ಹಿಂದಿ, ಇಂಗ್ಲಿಷ್‌ಗಳಲ್ಲಿ ಸಾರಾಂಶ ಹೇಳುವ ಸ್ವಯಂಸೇವಕರು ಜೊತೆಗಿರಲಿ. ಹತ್ತಿರದ ಸರ್ಕಾರಿ ಶಾಲೆಯ ಮುಖ್ಯೋಪಾಧ್ಯಾಯರನ್ನು ಕಂಡು ಒಂದೇ ತರಗತಿಯ ಮಕ್ಕಳನ್ನು ಇಡೀ ವರ್ಷ ಕರೆತರುವ ಏರ್ಪಾಡು ಮಾಡುವುದು, ಪ್ರತಿ ವಾರ ಹೊಸ ಶಾಲೆಗೆ ಒಂದೊಂದು ಸುತ್ತು ಹಾಕಿಸುವುದಕ್ಕಿಂತ ಎಷ್ಟೋ ಮೇಲು.

ವರ್ಷದ ಕ್ರಮವನ್ನು ಋತುಗಳೇ ನಿರ್ಧರಿಸುತ್ತವೆ. ಮಳೆಗಾಲದಲ್ಲಿ ಕಾಲುವೆಯ ನಡಿಗೆ. ಗಣೇಶ ಚತುರ್ಥಿಗೆ ಮುನ್ನ ಕೆರೆಯ ಬದಲು ಕಲ್ಯಾಣಿಯಲ್ಲಿ, ಮಣ್ಣಿನ ಮೂರ್ತಿಯನ್ನೇ ಏಕೆ ವಿಸರ್ಜಿಸಬೇಕು ಎಂಬ ಮಾತುಕತೆ. ಜನವರಿಯಲ್ಲಿ ಏಷ್ಯಾದಾದ್ಯಂತ ನಡೆಯುವ ನೀರುಹಕ್ಕಿಗಳ ಗಣತಿ. ಬೇಸಿಗೆಯಲ್ಲಿ ಹೂಳು ಮತ್ತು ಪಾಚಿಯ ಪರೀಕ್ಷೆ.

ಮಕ್ಕಳು ನೀರಿಗಿಳಿಯದಂತೆ ಕಾಯಲು ಇಬ್ಬರು ದೊಡ್ಡವರು ದಡದ ಕಡೆಯೇ ನಡೆಯಬೇಕು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಕುಡಿಯುವ ನೀರು, ಕೈತೊಳೆಯಲು ಸಾಬೂನು ತಪ್ಪದೆ ಇರಬೇಕು.

ಪ್ರತಿ ಬಾರಿಯ ಅಳತೆ, ಹಕ್ಕಿಗಳ ಎಣಿಕೆ, ಕಾಲುವೆಯಲ್ಲಿ ಕಂಡ ಕೊಳಚೆಯ ಜಾಗ, ದಿನಾಂಕ ಮತ್ತು ವೇಳೆಯನ್ನು ಮಕ್ಕಳ ಕೈಯಲ್ಲೇ ಒಂದು ದಾಖಲೆ ಪುಸ್ತಕದಲ್ಲಿ ಬರೆಸಿ, ಮೂರು ತಿಂಗಳಿಗೊಮ್ಮೆ ಅದರ ಪ್ರತಿಯನ್ನು ಪಾಲಿಕೆಗೂ ಜಲಮಂಡಳಿಗೂ ಕೊಟ್ಟು ಸ್ವೀಕೃತಿ ಪಡೆಯಿರಿ. ಅಧಿಕಾರಿಗಳು ಏನು ಉತ್ತರಿಸಿದರು, ಯಾವ ಜಾಗದ ಕೊಳಚೆ ನಿಂತಿತು, ಯಾವುದು ಇನ್ನೂ ಹರಿಯುತ್ತಿದೆ ಎಂಬುದನ್ನು ಮುಂದಿನ ನಡಿಗೆಯಲ್ಲಿ ಆ ಜಾಗದಲ್ಲೇ ನಿಂತು ಎಲ್ಲರಿಗೂ ತಿಳಿಸಬೇಕು.