ಹೊಲದಲ್ಲಿ ಜಾರಿದ ಉಂಗುರವನ್ನು ಹುಡುಕುವುದು ಹೇಗೆ?

ಕಳೆ ಕೀಳುವಾಗ ಬೆರಳಿನಿಂದ ಉಂಗುರ ಜಾರಿತೆಂದು ತಿಳಿದ ಕೂಡಲೇ ಎಲ್ಲರನ್ನೂ ಆ ಜಾಗದಿಂದ ಹೊರಗೆ ಕಳುಹಿಸಿ. ಹತ್ತು ಜನ ಓಡಾಡಿದರೆ ಮೇಲೆ ಬಿದ್ದದ್ದು ಮಣ್ಣಿನೊಳಕ್ಕೆ ತುಳಿದುಹೋಗುತ್ತದೆ. ಉಂಗುರ ಕೊನೆಯ ಸಲ ಕಂಡದ್ದು ಯಾವ ಸಾಲಿನಲ್ಲಿ, ಕಿತ್ತ ಕಳೆಯನ್ನು ಎಲ್ಲಿ ಗುಡ್ಡೆ ಹಾಕಿದರು ಎಂದು ವಿಚಾರಿಸಿ, ಅಷ್ಟು ಜಾಗಕ್ಕೆ ಮರದ ಗೂಟ ನೆಟ್ಟು ಹಗ್ಗ ಕಟ್ಟಿ. ಕಳೆಯ ಗುಡ್ಡೆಯನ್ನೂ ಬಿಡಬೇಡಿ. ಒದ್ದೆ ಕೈಯಿಂದ ಕಳಚಿದ ಉಂಗುರ ಹುಲ್ಲಿನ ಜೊತೆಗೇ ಹೋಗಿರಬಹುದು.

ಇನ್ನು ಮೆಟಲ್ ಡಿಟೆಕ್ಟರ್, ಅಂದರೆ ಮಣ್ಣಿನಡಿಯ ಲೋಹವನ್ನು ಸದ್ದಿನಿಂದ ತಿಳಿಸುವ ಯಂತ್ರ. ಅದರ ತುದಿಯ ತಟ್ಟೆಯೊಳಗೆ ತಾಮ್ರದ ತಂತಿಯ ಸುರುಳಿಗಳಿವೆ. ಒಂದು ಸುರುಳಿ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವ ಕಾಂತಕ್ಷೇತ್ರವನ್ನು ಮಣ್ಣಿಗೆ ಇಳಿಸುತ್ತದೆ. ಅಲ್ಲಿ ಲೋಹವಿದ್ದರೆ ಅದರೊಳಗೆ ಸುಳಿ ವಿದ್ಯುತ್ ಹುಟ್ಟಿ, ಅದರಿಂದ ಇನ್ನೊಂದು ಸಣ್ಣ ಕಾಂತಕ್ಷೇತ್ರ ಏಳುತ್ತದೆ. ಎರಡನೆಯ ಸುರುಳಿ ಅದನ್ನು ಹಿಡಿದು ಸದ್ದಾಗಿ ಕೇಳಿಸುತ್ತದೆ. ಸಾಮಾನ್ಯ ಯಂತ್ರಗಳಲ್ಲಿ ನಾಣ್ಯದಷ್ಟು ಗಾತ್ರದ ವಸ್ತು ಸುಮಾರು ಒಂದು ಗೇಣು ಆಳದವರೆಗೆ ಸಿಕ್ಕೀತು. ನೂರಾರು ಅಡಿ ದೂರದ ಚಿನ್ನವನ್ನು ತೋರಿಸುವ ಯಂತ್ರವೆಂದು ಯಾರಾದರೂ ಮಾರಲು ಬಂದರೆ ಅದು ಮೋಸ, ಹಣ ಕೊಡಬೇಡಿ.

1881ರಲ್ಲಿ ಅಮೆರಿಕದ ಅಧ್ಯಕ್ಷ ಗಾರ್ಫೀಲ್ಡ್ ಅವರ ದೇಹದಲ್ಲಿ ಉಳಿದಿದ್ದ ಗುಂಡನ್ನು ಅಲೆಕ್ಸಾಂಡರ್ ಗ್ರಹಾಂ ಬೆಲ್ ಇದೇ ತತ್ವದ ಉಪಕರಣದಿಂದ ಹುಡುಕಿದರು. ಗುಂಡು ಸಿಗಲಿಲ್ಲ, ಹಾಸಿಗೆಯೊಳಗಿದ್ದ ಉಕ್ಕಿನ ಸ್ಪ್ರಿಂಗ್‌ಗಳು ಸಂಕೇತವನ್ನು ಕೆಡಿಸಿದ್ದವು. ಆದ್ದರಿಂದ ನೀವೂ ಕೈಬಳೆ, ವಾಚು, ಕೀಲಿಗೊಂಚಲು ತೆಗೆದಿಡಿ, ಮೊಬೈಲನ್ನು ದೂರವಿಡಿ. ಮುಂಭಾಗದಲ್ಲಿ ಉಕ್ಕಿನ ತಗಡಿರುವ ಬೂಟು ಬೇಡ.

ಮಣ್ಣಿಗೆ ಹೊಂದಿಸಿಕೊಳ್ಳಿ

ನಮ್ಮ ಕೆಂಪು ಮಣ್ಣಿನಲ್ಲೂ ಕರಾವಳಿಯ ಮುರಕಲ್ಲಿನಲ್ಲೂ ಕಬ್ಬಿಣದ ಅಂಶ ಹೆಚ್ಚು. ಹೀಗಾಗಿ ಬರಿಯ ನೆಲವೇ ಸದ್ದು ಮಾಡುತ್ತದೆ. ಲೋಹವಿಲ್ಲದ ಒಂದು ಕಡೆ ತಟ್ಟೆಯನ್ನು ನೆಲದಿಂದ ಮೇಲೆ ಕೆಳಗೆ ಆಡಿಸುತ್ತ, ಸದ್ದು ಒಂದೇ ಸಮನಾಗುವವರೆಗೆ ಗ್ರೌಂಡ್ ಬ್ಯಾಲೆನ್ಸ್ ಗುಂಡಿಯನ್ನು ಹೊಂದಿಸಿ. ಆಮೇಲೂ ಕಿರುಗುಟ್ಟಿದರೆ ಸೂಕ್ಷ್ಮತೆಯನ್ನು ತುಸು ತಗ್ಗಿಸಿ. ಆಳ ಸ್ವಲ್ಪ ಕಡಿಮೆಯಾದರೂ ಕೇಳಿದ ಸದ್ದನ್ನು ನಂಬಬಹುದು.

ಹೆಚ್ಚಿನವರು ಬಿಟ್ಟುಬಿಡುವ ಕೆಲಸವೊಂದಿದೆ. ಕಳೆದುಹೋದುದಕ್ಕೆ ಹತ್ತಿರದ ತೂಕ, ಅಗಲದ ಇನ್ನೊಂದು ಉಂಗುರಕ್ಕೆ ಉದ್ದ ದಾರ ಕಟ್ಟಿ ಅದೇ ಹೊಲದ ಮಣ್ಣಿನ ಮೇಲಿಡಿ. ಅದನ್ನು ಒಮ್ಮೆ ಅಡ್ಡ ಮಲಗಿಸಿ, ಒಮ್ಮೆ ನೆಟ್ಟಗೆ ನಿಲ್ಲಿಸಿ, ಇನ್ನೊಮ್ಮೆ ಎರಡು ಇಂಚು ಮಣ್ಣು ಮುಚ್ಚಿ ತಟ್ಟೆ ಆಡಿಸಿ, ಯಂತ್ರದ ಪರದೆಯಲ್ಲಿ ಬರುವ ಸಂಖ್ಯೆಗಳನ್ನು ಬರೆದುಕೊಳ್ಳಿ. ನಿಮ್ಮ ಹುಡುಕಾಟಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ಇಲ್ಲ.

ತಟ್ಟೆ ನೆಲಕ್ಕೆ ಸಮಾನಾಂತರವಾಗಿ, ಎರಡು ಮೂರು ಸೆಂಟಿಮೀಟರ್ ಎತ್ತರದಲ್ಲೇ ಇರಲಿ. ಅಂಚುಗಳಲ್ಲಿ ಅದು ಮೇಲೇಳದಂತೆ ನೋಡಿಕೊಳ್ಳಿ. ನಿಧಾನವಾಗಿ ಬೀಸಿ, ಪ್ರತಿ ಬೀಸು ಹಿಂದಿನದರ ಅರ್ಧ ಜಾಗವನ್ನು ಮತ್ತೆ ಹಾಯಲಿ. ಸಾಲಿನ ಉದ್ದಕ್ಕೂ ಮುಗಿಸಿದ ಮೇಲೆ ಅಡ್ಡಲಾಗಿ ಇನ್ನೊಮ್ಮೆ ನಡೆಯಿರಿ.

ಸದ್ದು ಏನು ಹೇಳುತ್ತದೆ?

ಪರದೆ ಲೋಹದ ಹೆಸರು ಹೇಳುವುದಿಲ್ಲ, ಅಂದಾಜು ಕೊಡುತ್ತದೆ. ಸಾಮಾನ್ಯವಾಗಿ ಮೊಳೆ, ತಂತಿಯಂಥ ಕಬ್ಬಿಣಕ್ಕೆ ಸಂಖ್ಯೆ ಕಡಿಮೆ, ಸದ್ದು ಒರಟು, ತುಂಡುತುಂಡು. ಬೆಳ್ಳಿಯ ಕಾಲುಂಗುರ, ತಾಮ್ರದ ಚೂರುಗಳಿಗೆ ಸಂಖ್ಯೆ ಹೆಚ್ಚು. ಚಿನ್ನದ ಉಂಗುರ ನಡುವೆ ಎಲ್ಲೋ ಬರುತ್ತದೆ, ಕಷ್ಟವಿರುವುದೂ ಅಲ್ಲೇ. ಗುಳಿಗೆ ಪಟ್ಟಿಯ ಅಲ್ಯೂಮಿನಿಯಂ ಹಾಳೆ, ಡಬ್ಬಿಯ ಮುಚ್ಚಳದ ಕೊಂಡಿ ಕೂಡ ಅದೇ ವ್ಯಾಪ್ತಿಯಲ್ಲಿ ಬರುತ್ತವೆ. ಕಸದ ಕಾಟ ಬೇಡವೆಂದು ಆ ಸಂಖ್ಯೆಗಳಿಗೆ ಸದ್ದು ಬಾರದಂತೆ ಯಂತ್ರದಲ್ಲಿ ಮುಚ್ಚಿದರೆ ಉಂಗುರವೂ ಮುಚ್ಚಿಹೋಗುತ್ತದೆ. ಕಬ್ಬಿಣವನ್ನಷ್ಟೇ ಬಿಟ್ಟು, ಉಳಿದ ಪ್ರತಿ ಸದ್ದಿನ ಜಾಗವನ್ನೂ ಅಗೆದು ನೋಡಿ. ಇಂದಿನ ಒಂದು, ಎರಡು ರೂಪಾಯಿ ನಾಣ್ಯಗಳು ಆಯಸ್ಕಾಂತಕ್ಕೆ ಅಂಟುವ ಸ್ಟೇನ್‌ಲೆಸ್ ಉಕ್ಕಿನವು. ಅವು ಕಬ್ಬಿಣದಂತೆ ಕೇಳಿಸಬಹುದು.

ಆಕಾರವೂ ಮುಖ್ಯ. ಉಂಗುರ ಪೂರ್ತಿ ಬಳೆಯಾಗಿರುವುದರಿಂದ ಅದರಲ್ಲಿ ವಿದ್ಯುತ್ ಸುತ್ತಲು ಅಡ್ಡಿಯಿಲ್ಲ. ತೆಳು ಸರ ಹಾಗಲ್ಲ. ಯಂತ್ರಕ್ಕೆ ಅದು ಬಿಡಿಬಿಡಿ ಕೊಂಡಿಗಳ ಸಾಲಿನಂತೆ ಕಾಣುತ್ತದೆ, ಹಲವು ಸಲ ಅದರ ಕೊಕ್ಕೆಯಷ್ಟೇ ಸದ್ದು ಕೊಡುತ್ತದೆ. ಮೂಗುತಿ ಬಿದ್ದಿದ್ದರೆ ಯಂತ್ರಕ್ಕಿಂತ ಜರಡಿಯನ್ನೇ ನಾನು ನೆಚ್ಚುತ್ತೇನೆ.

ಸದ್ದು ಬಂದ ಕಡೆ ತಟ್ಟೆಯನ್ನು ಉದ್ದಕ್ಕೆ ಒಮ್ಮೆ, ಅಡ್ಡಕ್ಕೆ ಒಮ್ಮೆ ಆಡಿಸಿ. ಎರಡೂ ಗೆರೆ ಕೂಡುವಲ್ಲಿ ವಸ್ತುವಿದೆ. ಗುದ್ದಲಿ ಹಾಕಬೇಡಿ, ಉಂಗುರದ ಹರಳು ಒಡೆದೀತು. ಒಂದು ಗೇಣು ಅಗಲ ಬಿಟ್ಟು ಸುತ್ತಲೂ ಸಣ್ಣ ಕೈಸಲಿಕೆಯಿಂದ ಬಿಡಿಸಿ, ಮಣ್ಣನ್ನು ಪ್ಲಾಸ್ಟಿಕ್ ಹಾಳೆಯ ಮೇಲೆ ಹಾಕಿ ಯಂತ್ರಕ್ಕೆ ತೋರಿಸಿ. ಸದ್ದು ಮಣ್ಣಿನಲ್ಲಿದೆಯೋ ಗುಂಡಿಯಲ್ಲೇ ಉಳಿದಿದೆಯೋ ಆಗ ಗೊತ್ತಾಗುತ್ತದೆ. ಕೊನೆಗೆ ಗುಂಡಿ ಮುಚ್ಚಿ.

ಹಳೆಯದೇನಾದರೂ ಸಿಕ್ಕರೆ

1992ರ ನವೆಂಬರ್‌ನಲ್ಲಿ ಇಂಗ್ಲೆಂಡಿನ ಸಫಕ್ ಪ್ರಾಂತ್ಯದ ಹಾಕ್ಸನ್ ಹಳ್ಳಿಯಲ್ಲಿ ಎರಿಕ್ ಲಾಸ್ ಎಂಬುವರು ರೈತ ಗೆಳೆಯನ ಕಳೆದುಹೋದ ಸುತ್ತಿಗೆಯನ್ನು ಹುಡುಕುತ್ತಿದ್ದರು. ಸಿಕ್ಕಿದ್ದು ರೋಮನ್ ಕಾಲದ ಚಿನ್ನ, ಬೆಳ್ಳಿ. ಸ್ವಲ್ಪ ತೆಗೆದವರೇ ಅಗೆಯುವುದನ್ನು ನಿಲ್ಲಿಸಿ ವಿಷಯ ತಿಳಿಸಿದರು. ಮರುದಿನ ಪುರಾತತ್ವ ತಜ್ಞರು ಬಂದು ಉಳಿದುದನ್ನು ಕ್ರಮವಾಗಿ ತೆಗೆದರು. ಸುಮಾರು 15,000 ನಾಣ್ಯಗಳ ಜೊತೆಗೆ, ಅವನ್ನೆಲ್ಲ ತುಂಬಿಟ್ಟಿದ್ದ ಮರದ ಪೆಟ್ಟಿಗೆಯ ಗುರುತುಗಳೂ ದೊರೆತವು. ಒಬ್ಬರೇ ಅಗೆದು ಚೀಲಕ್ಕೆ ಸುರಿದಿದ್ದರೆ ಆ ಪೆಟ್ಟಿಗೆಯ ಸುದ್ದಿಯೇ ನಮಗೆ ತಿಳಿಯುತ್ತಿರಲಿಲ್ಲ.

ನಮ್ಮಲ್ಲಿ ನಿಧಿಯಾಸೆಗೆ ನಂದಿ ವಿಗ್ರಹಗಳನ್ನು ಕೀಳುವವರು, ಗುಡಿಯ ಗರ್ಭಗೃಹವನ್ನೇ ಅಗೆಯುವವರು ಇದ್ದಾರೆ. ಅವರು ಒಡೆದ ಕಲ್ಲನ್ನು ಯಾರೂ ಮತ್ತೆ ಮೊದಲಿನಂತೆ ಮಾಡಲಾರರು. ಸಂರಕ್ಷಿತ ಸ್ಮಾರಕದ ಜಾಗದಲ್ಲಿ ಅನುಮತಿಯಿಲ್ಲದೆ ಅಗೆಯುವುದು ಅಪರಾಧ. ಹಾಳು ಗುಡಿ, ಹಳೆಯ ಕೋಟೆಯ ಬಳಿಗೆ ಯಂತ್ರ ಹಿಡಿದು ಹೋಗಲೇಬೇಡಿ. ಸ್ವಂತ ಹೊಲದಲ್ಲಿ ಸಿಕ್ಕರೂ ನಿಧಿ ತಾನಾಗಿಯೇ ನಿಮ್ಮದಾಗುವುದಿಲ್ಲ. ರಾಜ್ಯದಲ್ಲಿ ಇದಕ್ಕೆಂದೇ 1962ರ ಕಾಯ್ದೆಯಿದೆ. ಹಳೆಯ ನಾಣ್ಯ, ಮಡಕೆ, ವಿಗ್ರಹ ಕಂಡರೆ ತೊಳೆಯಬೇಡಿ, ತಿಕ್ಕಬೇಡಿ. ಇದ್ದ ಹಾಗೆಯೇ ಫೋಟೊ ತೆಗೆದು, ಮೇಲೆ ಹಾಳೆ ಮುಚ್ಚಿ, ತಹಶೀಲ್ದಾರರ ಮೂಲಕ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ. ಮದ್ದುಗುಂಡಿನಂತೆ ಕಂಡದ್ದನ್ನು ಮುಟ್ಟದೆ ದೂರ ಸರಿದು 112ಕ್ಕೆ ಕರೆ ಮಾಡಿ.