ಬಣ್ಣಕ್ಕಿಂತ ಮೊದಲು ಪಸೆ: ಊರಿನ ಹಳೆ ಮನೆಯ ರಿಪೇರಿಗೆ ಕೈ ಹಾಕುವವರಿಗೆ

ಮಳೆಗಾಲ ಮುಗಿದು ದೀಪಾವಳಿ ಹತ್ತಿರವಾದರೆ ಮಲೆನಾಡಿನಲ್ಲಿ ಗೋಡೆ ನೋಡುವ ಕಾಲ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇರುವ ಮಕ್ಕಳು ರಜೆಗೆ ಬರುತ್ತಾರೆ. ಅಜ್ಜನ ಕಾಲದ ಮನೆಯನ್ನು ಈ ಸಲ ನಾವೇ ಚೆಂದ ಮಾಡೋಣ ಅನ್ನುತ್ತಾರೆ. ಆ ಆಸೆ ಕೇಳಿದರೆ ನನಗೆ ತುಂಬ ಖುಷಿಯಾಗುತ್ತದೆ. ಬಹಳಷ್ಟು ಕೆಲಸವನ್ನು ನಿಜಕ್ಕೂ ನೀವೇ ಮಾಡಬಹುದು. ಆದರೆ ಬಂದ ಮಾರನೇ ದಿನವೇ ಪೇಟೆಗೆ ಹೋಗಿ ಬಣ್ಣದ ಡಬ್ಬಿ ತರಬೇಡಿ. ನಮ್ಮ ಕಡೆಯ ಮನೆ ಹಾಳಾಗುವುದು ನೀರಿನಿಂದ. ನೀರು ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಚ್ಚಿದ ಬಣ್ಣ ಮುಂದಿನ ಆಷಾಢದೊಳಗೆ ಸಿಪ್ಪೆ ಏಳುತ್ತದೆ.

ಮೊದಲ ಎರಡು ದಿನ ಒಂದು ಪೆನ್ಸಿಲ್ ಹಿಡಿದು ಮನೆಯೆಲ್ಲ ಸುತ್ತಿ. ಪಸೆ, ಅಂದರೆ ಗೋಡೆಯ ತೇವ, ಎಲ್ಲಿದೆ ಅನ್ನುವುದೇ ಅದರ ಮೂಲವನ್ನು ಹೇಳಿಬಿಡುತ್ತದೆ. ಗೋಡೆಯ ತುದಿಯಿಂದ ಕೆಳಗೆ ಇಳಿದ ಕಂದು ಗೆರೆ ಇದ್ದರೆ ಮಾಡಿನ (ಚಾವಣಿಯ) ಹಂಚು ಒಡೆದಿದೆ ಅಥವಾ ಜಾರಿದೆ. ನೆಲದಿಂದ ಮೇಲಕ್ಕೆ ಎರಡು ಮೂರು ಅಡಿಯ ತನಕ ಒಂದೇ ಸಮನೆ ಕಪ್ಪಾಗಿ ಬಿಳಿ ಪುಡಿ ಉದುರುತ್ತಿದ್ದರೆ ಅದು ಪಾಯದಿಂದ ಹೀರಿಕೊಂಡು ಬಂದ ನೀರು. ಬಚ್ಚಲ ಗೋಡೆಯ ಹಿಂಬದಿಯಲ್ಲಿ ಮಾತ್ರ ಕಲೆ ಇದ್ದರೆ ಪೈಪು ನೋಡಿ. ಕಿಟಕಿಯ ಕೆಳಗಿನ ಮೂಲೆಯಲ್ಲಿದ್ದರೆ ಚೌಕಟ್ಟು ಮತ್ತು ಗೋಡೆಯ ನಡುವಿನ ಸಂದು ನೋಡಿ.

ಅನುಮಾನ ಬಂದ ಕಡೆ ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ ಎರಡು ದಿನ ಬಿಡಿ. ಗೋಡೆಯ ಕಡೆಗಿರುವ ಮೈ ಬೆವರಿದ್ದರೆ ನೀರು ಗೋಡೆಯೊಳಗೇ ಇದೆ. ಹೊರ ಮೈ ಮಾತ್ರ ಒದ್ದೆಯಾಗಿದ್ದರೆ ಅದು ಕೋಣೆಯ ಗಾಳಿಯ ತೇವ. ಅದಕ್ಕೆ ಕಿಟಕಿ ತೆರೆದಿಡುವುದು, ಗೋಡೆಗೆ ಒತ್ತಿಕೊಂಡಿರುವ ಬೀರುವನ್ನು ನಾಲ್ಕು ಬೆರಳು ಮುಂದಕ್ಕೆ ಎಳೆಯುವುದು, ಇಷ್ಟೇ ಸಾಕಾದೀತು.

ಹಂಚಿನ ವಿಚಾರ ಸ್ವಲ್ಪ ವಿವರವಾಗಿ ಹೇಳಬೇಕು. 1860ರ ದಶಕದಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಎಷ್ಟೋ ಕಾರ್ಖಾನೆಗಳು ಬಂದವು. ಒಂದೊಂದರ ಹಂಚಿನ ಅಳತೆ, ಕೊಕ್ಕೆ, ಗೀರು ಒಂದೊಂದು ಥರ. ಹಾಗಾಗಿ ಅಂಗಡಿಯಲ್ಲಿ ಸಿಕ್ಕಿದ ಹೊಸ ಹಂಚು ನಿಮ್ಮ ಮಾಡಿನ ಹಳೆ ಹಂಚಿನ ಜೊತೆ ಕೂರುವುದಿಲ್ಲ, ಸಂದಿನಲ್ಲಿ ನೀರು ಇಳಿಯುತ್ತದೆ. ಒಂದು ಹಳೆ ಹಂಚನ್ನು ಕೆಳಗಿಳಿಸಿ, ಹಿಂಬದಿಯಲ್ಲಿ ಅಚ್ಚೊತ್ತಿದ ಹೆಸರು ಓದಿ, ಅದೇ ಹಂಚನ್ನು ಮಾದರಿಗೆ ಹಿಡಿದುಕೊಂಡು ಹೋಗಿ. ಹಳೆ ಮನೆ ಕೆಡವಿದ ಕಡೆ ಅದೇ ಹೆಸರಿನದು ಸಿಕ್ಕರೆ ಇಪ್ಪತ್ತೈದು ಹೆಚ್ಚಿಗೆಯೇ ತಂದು ಅಟ್ಟದಲ್ಲಿ ಜೋಡಿಸಿಡಿ. ಆದರೆ ಮಾಡು ಹತ್ತುವ ಕೆಲಸ ನಿಮ್ಮದಲ್ಲ. ಹಾವಸೆ ಹಿಡಿದ ಹಂಚು ಜಾರುತ್ತದೆ, ಹುಳ ಹಿಡಿದ ರೀಪು (ಹಂಚು ಕೂರುವ ಮರದ ಪಟ್ಟಿ) ಭಾರ ತಡೆಯುವುದಿಲ್ಲ. ದಿನಗೂಲಿ ಕೊಟ್ಟು ತಿಳಿದವರನ್ನೇ ಕರೆಯಿರಿ. ಅವರು ಮೇಲಿರುವಾಗ ನೀವು ಒಳಗೆ ನಿಂತು, ಬೆಳಕು ಕಾಣುವ ಜಾಗವನ್ನು ಕೂಗಿ ಹೇಳಿ.

ಹಿತ್ತಿಲಲ್ಲಿ ಕೊಟ್ಟಿಗೆಗೆ ಹಾಕಿದ ಹಳೆ ಆಸ್‌ಬೆಸ್ಟಾಸ್ ಶೀಟು ಇದ್ದರೆ ಅದನ್ನು ಕೊಯ್ಯಬೇಡಿ, ಕೊರೆಯಬೇಡಿ, ಉಜ್ಜಿ ತೊಳೆಯಬೇಡಿ. ಆ ದೂಳು ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ.

ಪಾಯದಿಂದ ಏರುವ ಪಸೆಗೆ ಎಲ್ಲರೂ ಮಾಡುವುದು ಒಂದೇ: ಮಣ್ಣಿನ ಗೋಡೆಗೋ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಗೋಡೆಗೋ ಮೂರಡಿ ಎತ್ತರಕ್ಕೆ ಸಿಮೆಂಟು ಗಿಲಾವು ಬಳಿದುಬಿಡುವುದು. ಇದನ್ನು ದಯವಿಟ್ಟು ಮಾಡಬೇಡಿ. ಮಣ್ಣಿನ ಗೋಡೆ ಹೀರಿದ ನೀರನ್ನು ಗಾಳಿಗೆ ಬಿಟ್ಟು ಒಣಗುವಂಥದ್ದು. ಸಿಮೆಂಟು ಆ ದಾರಿ ಮುಚ್ಚುತ್ತದೆ. ನೀರು ಒಳಗೇ ಉಳಿದು ಇನ್ನೂ ಮೇಲಕ್ಕೆ ಏರುತ್ತದೆ, ನಾಲ್ಕೈದು ವರ್ಷದಲ್ಲಿ ಸಿಮೆಂಟಿನ ಹಿಂದಿನ ಮಣ್ಣು ಪುಡಿಯಾಗಿ ಗಿಲಾವು ಹಲಗೆ ಹಲಗೆಯಾಗಿ ಕಳಚುತ್ತದೆ. ಒದ್ದೆ ಗೋಡೆಗೆ ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಹಚ್ಚುವುದರ ಕಥೆಯೂ ಇದೇ. ಪಿವಿಸಿ ಹಲಗೆ ಹೊಡೆದು ಮುಚ್ಚುವುದಂತೂ ಬೇಡವೇ ಬೇಡ. ಕಣ್ಣಿಗೆ ಕಾಣದ ಹಾಗೆ ಹಿಂದೆ ಬೂಷ್ಟು ಬೆಳೆಯುತ್ತದೆ, ಮನೆಯ ಮಕ್ಕಳಿಗೆ ಕೆಮ್ಮು ಶುರುವಾಗುತ್ತದೆ.

ಇದರ ಬದಲು ಹೊರಗೆ ಕೆಲಸ ಮಾಡಿ. ವರ್ಷಾನುಗಟ್ಟಲೆ ಅಂಗಳದ ಮಣ್ಣು ಏರಿ ಗೋಡೆಗೆ ತಾಗಿರುತ್ತದೆ. ಅದನ್ನು ಹಾರೆ ಗುದ್ದಲಿ ಹಿಡಿದು ಜಗುಲಿಯ ಮಟ್ಟಕ್ಕಿಂತ ಒಂದಡಿ ಕೆಳಗಿಳಿಸಿ, ನೆಲ ಮನೆಯಿಂದ ಆಚೆಗೆ ಇಳಿಜಾರಾಗುವಂತೆ ಮಾಡಿ. ಆದರೆ ಪಾಯದ ಕಲ್ಲಿನ ಬುಡ ಕಾಣುವಷ್ಟು ಅಗೆಯಬೇಡಿ. ಮಾಡಿನ ನೀರು ಬೀಳುವ ಗೆರೆಯಲ್ಲಿ ಸಣ್ಣ ಚರಂಡಿ ತೆಗೆದು ಜಲ್ಲಿ ತುಂಬಿದರೆ ರಾಚಲು ಗೋಡೆಗೆ ಸಿಡಿಯುವುದು ಕಡಿಮೆಯಾಗುತ್ತದೆ. ಎರಡು ಮೂರು ದಿನದ ಮೈಮುರಿ ಕೆಲಸ, ದುಡ್ಡು ಹೆಚ್ಚು ಬೇಡ. ಇಡೀ ರಿಪೇರಿಯಲ್ಲಿ ಇದರಷ್ಟು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ಗೋಡೆಯ ಮೇಲಿನ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ ಕೆಡವಿ, ಗುಡಿಸಿ ಹೊರಗೆ ಹಾಕಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಗೋಡೆಯೊಳಗೆ ಹೋಗುತ್ತದೆ. ಆಮೇಲೆ ಬಿಸಿಲು ಗಾಳಿಗೆ ಬಿಡಿ. ಈ ದೀಪಾವಳಿಗೆ ಒಣಗದಿದ್ದರೆ ಸಂಕ್ರಾಂತಿಗೆ ಬಣ್ಣ ಹಚ್ಚಿ.

ಇಂಥ ಗೋಡೆಗೆ ಇವತ್ತಿಗೂ ನನ್ನ ಆಯ್ಕೆ ಸುಣ್ಣ. ಅಗ್ಗ, ಗೋಡೆ ಉಸಿರಾಡುತ್ತದೆ, ಬೂಷ್ಟು ಬೇಗ ಹಿಡಿಯುವುದಿಲ್ಲ. ಸುಟ್ಟ ಸುಣ್ಣದ ಕಲ್ಲು ಸಿಕ್ಕಿದರೆ ಕಬ್ಬಿಣದ ಅಗಲ ಪಾತ್ರೆಯಲ್ಲಿ ಮೊದಲು ನೀರು ಹಾಕಿ, ಅದಕ್ಕೆ ಕಲ್ಲನ್ನು ಸ್ವಲ್ಪ ಸ್ವಲ್ಪವೇ ಬಿಡಿ. ಕಲ್ಲಿನ ಮೇಲೆ ನೀರು ಸುರಿಯಬೇಡಿ. ಅದು ಕುದಿದು ಸಿಡಿಯುತ್ತದೆ. ಪ್ಲಾಸ್ಟಿಕ್ ಬಕೆಟ್ಟು ಆ ಕಾವಿಗೆ ತಡೆಯುವುದಿಲ್ಲ. ಕನ್ನಡಕ, ಕೈಗವಸು ಇಲ್ಲದೆ ಹತ್ತಿರ ಹೋಗಬೇಡಿ, ಮಕ್ಕಳನ್ನು ಬೇರೆ ಕಡೆ ಕಳಿಸಿ. ಕಣ್ಣಿಗೆ ಸುಣ್ಣ ಹಾರಿದರೆ ಕಾಲು ಗಂಟೆಗೂ ಹೆಚ್ಚು ಹೊತ್ತು ಶುದ್ಧ ನೀರಿನಲ್ಲಿ ತೊಳೆಯುತ್ತಲೇ ಇದ್ದು, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ಅರಳಿದ ಸುಣ್ಣವನ್ನು ಕನಿಷ್ಠ ಒಂದು ದಿನ ನೆನೆಯಲು ಬಿಟ್ಟು, ಹಳೆ ಪಂಚೆಯಲ್ಲಿ ಸೋಸಿ. ಅಂಗಡಿಯ ಸುಣ್ಣದ ಪುಡಿಯಾದರೆ ಈ ಕುದಿತ ಇಲ್ಲ, ಆದರೂ ಹಿಂದಿನ ರಾತ್ರಿಯೇ ನೆನೆಹಾಕಿ. ಕಿಲೋ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು, ತೆಳು ಮಜ್ಜಿಗೆಯ ಹದ. ಕೈಗೆ ಅಂಟದಿರಲು ಸ್ವಲ್ಪ ಮರದ ಅಂಟನ್ನು ಬಿಸಿನೀರಿನಲ್ಲಿ ಕರಗಿಸಿ ಬೆರೆಸಿ.

ಹಚ್ಚುವ ಮೊದಲು ಗೋಡೆಗೆ ನೀರು ಚಿಮುಕಿಸಿ. ಒಣ ಗೋಡೆ ಸುಣ್ಣದ ನೀರನ್ನು ಒಮ್ಮೆಲೇ ಕುಡಿದುಬಿಟ್ಟರೆ ಸುಣ್ಣ ಹಿಡಿಯದೆ ಪುಡಿಯಾಗುತ್ತದೆ. ಮೊದಲ ಕೋಟು ಹಚ್ಚಿದಾಗ ಏನೂ ಕಾಣದೆ ಗಾಬರಿಯಾಗಬಹುದು. ಒದ್ದೆ ಸುಣ್ಣ ತಿಳಿಯಾಗಿರುತ್ತದೆ, ಒಣಗಿ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿದಂತೆ ಬೆಳ್ಳಗಾಗುತ್ತದೆ. ದಪ್ಪ ಒಂದು ಕೋಟಿಗಿಂತ ತೆಳು ಮೂರು ಕೋಟು ಮೇಲು, ನಡುವೆ ಒಂದು ದಿನ ಬಿಡುವು. ಮೊದಲೇ ಡಿಸ್ಟೆಂಪರ್ ಅಥವಾ ಎಮಲ್ಶನ್ ಹಚ್ಚಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಹಳೆಯದನ್ನು ಪೂರ್ತಿ ಕೆರೆದು ತೆಗೆಯಬೇಕು.

ಸಿಮೆಂಟಿನ ಹೊಸ ಕೋಣೆ ಸೇರಿಸಿದ್ದರೆ ಅಲ್ಲಿ ಎಮಲ್ಶನ್ ಹಚ್ಚಬಹುದು. ಹೊಸ ಗಿಲಾವಿಗೆ ಕನಿಷ್ಠ 28 ದಿನ ಕಳೆದಿರಲಿ. ಗೋಡೆ ನುಣುಪಾಗಿಸುವ ಪುಟ್ಟಿ ಪುಡಿಗೆ ಕಿಲೋಗೆ 360ರಿಂದ 400 ಮಿ.ಲೀ. ನೀರು ಸಾಕು, ಕಲಸಿದ್ದನ್ನು ಎರಡು ಗಂಟೆಯೊಳಗೆ ಮುಗಿಸಿ. ಎರಡು ಕೋಟು ಸೇರಿ ಒಂದೂವರೆ ಮಿ.ಮೀ. ದಾಟಬಾರದು. ಆಮೇಲೆ ಸ್ಯಾಂಡ್ ಪೇಪರ್, ಪ್ರೈಮರ್, ಎರಡು ಕೋಟು ಬಣ್ಣ. ಲೀಟರಿಗೆ ಎರಡು ಕೋಟಿನಲ್ಲಿ 50ರಿಂದ 60 ಚದರಡಿ ಅಂತ ಲೆಕ್ಕ ಹಿಡಿಯಿರಿ. ಹತ್ತಕ್ಕೆ ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯ ಗೋಡೆ, ಬಾಗಿಲು ಕಿಟಕಿ ಕಳೆದು ಸುಮಾರು 400 ಚದರಡಿ. ಅಂದರೆ ಏಳೆಂಟು ಲೀಟರ್. ಎರಡು ಮೂರು ಡಬ್ಬಿ ತಂದರೆ ಎಲ್ಲವನ್ನೂ ಒಂದೇ ಬಕೆಟ್ಟಿಗೆ ಸುರಿದು ಬೆರೆಸಿಕೊಳ್ಳಿ. ಡಬ್ಬಿಯಿಂದ ಡಬ್ಬಿಗೆ ಬಣ್ಣ ಕೂದಲೆಳೆಯಷ್ಟು ಬೇರೆಯಾದರೂ ಗೋಡೆಯ ನಡುವೆ ಎದ್ದು ಕಾಣುತ್ತದೆ.

ಹಳೆ ಬಾಗಿಲು ಕಿಟಕಿಯ ಬಣ್ಣ ಕೆರೆಯುವವರು ಇದನ್ನು ಗಮನವಿಟ್ಟು ಓದಿ. ನಮ್ಮ ದೇಶದಲ್ಲಿ ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 90 ಪಾಲು) ಮೀರಬಾರದು ಎಂಬ ನಿಯಮ ಜಾರಿಯಾದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಎನಾಮಲ್ ಬಣ್ಣದಲ್ಲಿ, ಅದರಲ್ಲೂ ಗಾಢ ಹಳದಿ, ಹಸಿರು, ಕೆಂಪಿನಲ್ಲಿ ಸೀಸ ಇದ್ದಿರಬಹುದು. ಒಣಗಿದ್ದನ್ನು ಮಷೀನಿನಲ್ಲಿ ಉಜ್ಜಿದರೆ ಆ ದೂಳು ಮನೆಯೆಲ್ಲ ಹರಡುತ್ತದೆ. ಅಂಬೆಗಾಲಿಡುವ ಮಗುವಿನ ಬಾಯಿಗೆ ಹೋದರೆ ಅದರ ಮಿದುಳಿನ ಬೆಳವಣಿಗೆಗೇ ಪೆಟ್ಟು. ಬಾಗಿಲನ್ನು ಹೊರಗೆ ತಂದು, ಕೆಳಗೆ ಪ್ಲಾಸ್ಟಿಕ್ ಹಾಸಿ, ನೀರು ಮುಟ್ಟಿಸಿ ಮುಟ್ಟಿಸಿ ಕೆರೆಯಿರಿ. ಒಳ್ಳೆಯ ಮಾಸ್ಕ್ ಹಾಕಿಕೊಳ್ಳಿ. ಗರ್ಭಿಣಿಯರು, ಮಕ್ಕಳು ಹತ್ತಿರ ಬರಬಾರದು. ಹಳೆ ಬಣ್ಣ ಗಟ್ಟಿಯಾಗಿ ಕೂತಿದ್ದರೆ ಕೆರೆಯದೆ ಅದರ ಮೇಲೆಯೇ ಹೊಸದು ಹಚ್ಚಿ.

ಬಣ್ಣ ತೆಗೆದ ಮರ ಹಲಸೋ ಹೊನ್ನೆಯೋ ಆಗಿದ್ದರೆ ಮತ್ತೆ ಬಣ್ಣ ಬಳಿಯಲು ಮನಸ್ಸು ಬರುವುದಿಲ್ಲ. 80, 120, 220 ನಂಬರಿನ ಸ್ಯಾಂಡ್ ಪೇಪರನ್ನು ಇದೇ ಕ್ರಮದಲ್ಲಿ ಮರದ ಎಳೆಯ ಉದ್ದಕ್ಕೆ ಉಜ್ಜಿ. ಅಡ್ಡಕ್ಕೆ ಉಜ್ಜಿದ ಗೀರು ಪಾಲಿಶ್ ಹಚ್ಚಿದ ಮೇಲೆ ಕಾಣುತ್ತದೆ. ಅಗಸೆ ಎಣ್ಣೆ ತೆಳುವಾಗಿ ಹಚ್ಚಿ ಒರೆಸಿದರೆ ಮರದ ಬಣ್ಣ ತಾನಾಗಿ ಏಳುತ್ತದೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟುತ್ತದೆ, ಮುದ್ದೆ ಬಟ್ಟೆ ಬೆಂಕಿಯ ಕಿಡಿ ಇಲ್ಲದೆಯೇ ಹತ್ತಿಕೊಳ್ಳಬಹುದು. ಅಂಗಳದಲ್ಲಿ ಹರಡಿ ಒಣಗಿಸಿ ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ. ಮಾಡಿನ ಪಕಾಸಿಗೆ (ರೀಪನ್ನು ಹೊರುವ ಮರಕ್ಕೆ) ಗೆದ್ದಲು ಬರದಂತೆ ಗೇರು ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ, ಒಳ್ಳೆಯದೇ. ಆದರೆ ಅದು ತಾಗಿದರೆ ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು.

ಮಳೆಗಾಲದಲ್ಲಿ ಬಾಗಿಲು ಬಿಗಿಯಾಯಿತು ಎಂದು ಆಗಲೇ ಕೀಸುಳಿ ಹಿಡಿಯಬೇಡಿ. ಮರ ನೀರು ಹೀರಿ ಉಬ್ಬಿರುತ್ತದೆ. ಬೇಸಿಗೆಯಲ್ಲಿ ಒಣಗಿದಾಗ ಕೀಸಿದಷ್ಟೂ ಸಂದಾಗಿ ಉಳಿಯುತ್ತದೆ. ಎಲ್ಲಿ ತಾಗುತ್ತಿದೆ ಎಂದು ಗುರುತು ಹಾಕಿಡಿ, ಚಳಿಗಾಲಕ್ಕೆ ನೋಡಿ. ಬಾಗಿಲಿನ ತಲೆ ಮತ್ತು ಬುಡದ ಅಂಚಿಗೆ ಯಾರೂ ಬಣ್ಣ ಹಚ್ಚಿರುವುದಿಲ್ಲ, ನೀರು ಕುಡಿಯುವುದು ಅಲ್ಲಿಂದಲೇ. ಅದನ್ನು ಮುಚ್ಚಿದರೆ ಅರ್ಧ ತೊಂದರೆ ಹೋಯಿತು.

ಕೆಂಪು ನೆಲದ ಮೇಲೆ ಟೈಲ್ಸ್ ಕೂರಿಸುವ ಯೋಚನೆ ಇದ್ದರೆ ಒಮ್ಮೆ ನಿಲ್ಲಿ. ನೆಲ ಒಂದು ಇಂಚು ಏರುತ್ತದೆ, ಎಲ್ಲ ಬಾಗಿಲಿನ ಬುಡ ಕತ್ತರಿಸಬೇಕಾಗುತ್ತದೆ. ಆ ನೆಲಕ್ಕೆ ಬೇಕಾದದ್ದು ಆಸಿಡ್ ಮುಟ್ಟಿಸದಿರುವುದು ಮತ್ತು ಸಾಬೂನು ನೀರಿನಲ್ಲಿ ಒರೆಸಿ ಒಣಗಿದ ಮೇಲೆ ಬಟ್ಟೆಗೆ ಕೆಲವೇ ಹನಿ ಕೊಬ್ಬರಿ ಎಣ್ಣೆ ಹಾಕಿ ತಿಕ್ಕುವುದು. ಎಣ್ಣೆ ಹೆಚ್ಚಾದರೆ ವಯಸ್ಸಾದವರು ಜಾರಿ ಬೀಳುತ್ತಾರೆ. ಬಿರುಕಿಗೆ ಸಿಮೆಂಟು ಮತ್ತು ಕೆಂಪು ಆಕ್ಸೈಡ್ ಕಲಸಿ ತುಂಬಬಹುದು. ಒಣಗಿದಾಗ ಬಣ್ಣ ತಿಳಿಯಾಗುವುದರಿಂದ ಮೊದಲು ಹಲಗೆಯ ಮೇಲೆ ನಾಲ್ಕು ಹದದಲ್ಲಿ ಮಾಡಿ, ಒಣಗಿಸಿ ನೋಡಿ.

ವಯರಿಂಗ್ ಕೆಲಸ ಲೈಸೆನ್ಸ್ ಇದ್ದವರಿಗೇ ಬಿಡಿ. ನೀವು ಗೋಡೆಗೆ ಡ್ರಿಲ್ ಹಿಡಿಯುವಾಗ ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯಬೇಡಿ, ವಯರಿನ ಪೈಪು ಸಾಮಾನ್ಯವಾಗಿ ಅದೇ ಗೆರೆಯಲ್ಲಿ ಹೋಗಿರುತ್ತದೆ. ಮಣ್ಣಿನ ಗೋಡೆಯಲ್ಲಿ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಭಾರದ ಶೆಲ್ಫನ್ನು ತೊಲೆಯಿಂದ ಇಳಿಬಿಡಿ. ಏಣಿಯನ್ನು ನಾಲ್ಕಡಿ ಎತ್ತರಕ್ಕೆ ಒಂದಡಿ ದೂರದ ಲೆಕ್ಕದಲ್ಲಿ ಒರಗಿಸಿ.

ಇಷ್ಟೆಲ್ಲ ಆದ ಮೇಲೆ ಅಲಂಕಾರ. ಬಣ್ಣದ ಕಾರ್ಡು ನೋಡಿ ತೀರ್ಮಾನಿಸದೆ, ಎರಡಡಿ ಚೌಕ ಹಚ್ಚಿ ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ಸಣ್ಣ ಕಿಟಕಿಯ ಮಲೆನಾಡು ಮನೆಗೆ ತಿಳಿ ಬಣ್ಣವೇ ಬೆಳಕು. ಜಗುಲಿಯ ಒಂದು ಗೋಡೆಯನ್ನು ಖಾಲಿ ಬಿಟ್ಟು, ಅದಕ್ಕೆ ಕೆಮ್ಮಣ್ಣು ಬಳಿದು ಚಿತ್ತಾರ ಬರೆಸಿ ಎಂಬುದು ನನ್ನ ಬೇಡಿಕೆ. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಅಕ್ಕಿ ಹಿಟ್ಟಿನ ಬಿಳಿ, ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ ಮಾಡಿಕೊಂಡು ಪುಂಡಿ ನಾರಿನ ಕುಂಚದಲ್ಲಿ ಎಳೆಯುವ ಗೆರೆಗೆ ಯಾವ ಸ್ಟಿಕ್ಕರೂ ಸಮನಲ್ಲ. ಭೂಮಿ ಹುಣ್ಣಿಮೆಯ ಹೊತ್ತಿಗೆ ಅವರು ಬುಟ್ಟಿಗೆ ಚಿತ್ತಾರ ಬರೆಯುತ್ತಾರೆ, ಆಗ ಹೋಗಿ ನೋಡಿ, ಕರೆಯಿರಿ, ಕೇಳಿದ ಕೂಲಿ ಚೌಕಾಶಿ ಇಲ್ಲದೆ ಕೊಡಿ. ಮಳೆ ರಾಚುವ ಗೋಡೆ ಆರಿಸಬೇಡಿ, ಈ ಬಣ್ಣ ನೀರಿಗೆ ನಿಲ್ಲುವುದಿಲ್ಲ.

ಕೆಲಸ ಮುಗಿದಾಗ ಉಳಿದ ಎಮಲ್ಶನ್ನನ್ನು ಸಣ್ಣ ಡಬ್ಬಿಗೆ ಬಾಯಿತನಕ ತುಂಬಿ ಬಿಗಿಯಾಗಿ ಮುಚ್ಚಿ. ಶೇಡ್ ನಂಬರು, ಯಾವ ಕೋಣೆ, ಯಾವ ತಿಂಗಳು ಎಂದು ಮುಚ್ಚಳದ ಮೇಲೆ ಬರೆದು, ಅಟ್ಟದ ಹಂಚಿನ ಪಕ್ಕದಲ್ಲಿಡಿ. ಹಂಚು ಎಷ್ಟು ಉಳಿದಿದೆ, ಯಾವ ಹೆಸರಿನದು ಎಂಬುದನ್ನೂ ಅಲ್ಲೇ ಒಂದು ಚೀಟಿಯಲ್ಲಿ ಬರೆದಿಟ್ಟರೆ, ಮುಂದಿನ ವರ್ಷ ಮಾಡು ಕೈಯಾಡಿಸುವವರು ಹುಡುಕಬೇಕಾಗುವುದಿಲ್ಲ.